ಆರು ಎಪಿ ಬೇಡ ಅಂದೆವು, ಮೂರರಲ್ಲೇ ಆಯ್ತು

ಮಗಳು ಈಗ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸ್ಯಾನ್ ಡಿಯಾಗೋದಲ್ಲಿ ಎಂಜಿನಿಯರಿಂಗ್ ಮೊದಲ ಕ್ವಾರ್ಟರ್ ಓದುತ್ತಿದ್ದಾಳೆ. ಸೀನಿಯರ್ ಇಯರ್‌ನಲ್ಲಿ, ಅಂದರೆ ಹನ್ನೆರಡನೇ ತರಗತಿಯಲ್ಲಿ, ಅವಳಿಗಿದ್ದದ್ದು ಮೂರೇ ಎಪಿ ಕ್ಲಾಸು (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು). ಈ ಪ್ಲಾನ್ ಹೇಳಿದಾಗ ಬೇ ಏರಿಯಾದ ನಮ್ಮ ಕನ್ನಡದ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ‘ಐದೋ ಆರೋ ಎಪಿ ಇಲ್ಲದಿದ್ದರೆ ಎಂಜಿನಿಯರಿಂಗ್ ಮರೆತುಬಿಡಿ’ ಅಂದವರೇ ಜಾಸ್ತಿ. ಸುಮಾರು 4,000 ಡಾಲರ್ ಕೇಳಿದ ಕನ್ಸಲ್ಟೆಂಟ್ ಒಬ್ಬರು ಸೈಕಾಲಜಿ, ಎನ್ವಿರಾನ್ಮೆಂಟಲ್ ಸೈನ್ಸ್ ಸೇರಿಸಿ ಸಂಖ್ಯೆ ಏರಿಸಿ ಅಂದರು. ಅವರ ಸಹವಾಸವೇ ಬೇಡ ಅಂತ ಬಿಟ್ಟೆವು.

ನನ್ನ ಲೆಕ್ಕ ಬೇರೆ ಇತ್ತು. ಯುಸಿಯವರು ಅಡ್ಮಿಷನ್‌ಗೆ ನೋಡುವ ಜಿಪಿಎಗೆ (ಸರಾಸರಿ ಗ್ರೇಡಿಗೆ) ಹಿಡಿಯುವುದು ಹತ್ತು, ಹನ್ನೊಂದನೇ ತರಗತಿಯ ಗ್ರೇಡ್. ಎಪಿಯಂಥ ಕೋರ್ಸಿಗೆ ಸಿಗುವ ಹೆಚ್ಚುವರಿ ಆನರ್ಸ್ ಪಾಯಿಂಟ್‌ಗೆ ಎಂಟು ಸೆಮಿಸ್ಟರ್‌ಗಳ ಮಿತಿ, ಅದು ಅವಳಿಗೆ ಹನ್ನೊಂದರಲ್ಲೇ ತುಂಬಿತ್ತು. ಮತ್ತೆ ಹನ್ನೆರಡರಲ್ಲಿ ಎಪಿ ರಾಶಿ ಹಾಕಿ ಏನು ಬಂತು? ಎಪಿಯ ‘ಕ್ಯಾಲ್ಕುಲಸ್ ಬಿಸಿ’ ಕೋರ್ಸ್ ಮುಗಿದಿತ್ತು. ಅದರ ಮುಂದಿನ ಗಣಿತ ಸ್ಕೂಲಿನಲ್ಲಿ ಇರಲಿಲ್ಲ. ಅದಕ್ಕೆ ಕಮ್ಯುನಿಟಿ ಕಾಲೇಜಿನಲ್ಲಿ ಫಾಲ್‌ಗೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಸ್ಪ್ರಿಂಗ್‌ಗೆ ಲೀನಿಯರ್ ಆಲ್ಜೀಬ್ರಾ. ಸ್ಕೂಲಿನಲ್ಲಿ ಎಪಿ ಫಿಸಿಕ್ಸ್ ಸಿ, ಲಿಟರೇಚರ್, ಗವರ್ನಮೆಂಟ್. ಜೊತೆಗೆ ನಾಲ್ಕನೇ ವರ್ಷದ ಆರ್ಕೆಸ್ಟ್ರಾ. ಆರ್ಕೆಸ್ಟ್ರಾ ಬಿಡಿಸಿ ಅಂತ ಎಲ್ಲರೂ ಹೇಳಿದರು. ಬಿಡಿಸಲಿಲ್ಲ.

ಸಲೀಸಾಗಿ ಏನೂ ಆಗಲಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಹೈಸ್ಕೂಲ್ ಮಕ್ಕಳ ರಿಜಿಸ್ಟ್ರೇಷನ್ ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಸೆಕ್ಷನ್‌ಗಳೆಲ್ಲ ಭರ್ತಿ. ವೇಟ್‌ಲಿಸ್ಟ್‌ನಲ್ಲೇ ಮೊದಲ ದಿನ ಹೋಗಿ ಕೂತಳು. ಆಮೇಲೆ ಕ್ಲಾಸಿಗೆ ಸೇರಲು ಬೇಕಾದ ಆಡ್ ಕೋಡ್ ಸಿಕ್ಕಿತು. ವಾರಕ್ಕೆರಡು ಸಂಜೆ ಕ್ಲಾಸು, ಮನೆ ಸೇರುವಾಗ ಒಂಬತ್ತೂವರೆ. ಮೊದಲ ಮಿಡ್‌ಟರ್ಮ್‌ನಲ್ಲಿ ಅರವತ್ತರ ಆಸುಪಾಸು ಬಂತು. ಆಗಲೇ ಯುಸಿ ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅರ್ಜಿಯಲ್ಲಿ ಹಾಕಿದ ಕೋರ್ಸನ್ನು ಆಮೇಲೆ ಬಿಟ್ಟರೆ ಯೂನಿವರ್ಸಿಟಿಗೆ ತಿಳಿಸಬೇಕು. ಕಾಲೇಜಿನ ಗ್ರೇಡ್ ಅಂತೂ ಜೀವನಪೂರ್ತಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತೆ. ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಬಿಡಲ್ಲ ಅಂತ ಅವಳೇ ಹಟ ಹಿಡಿದಳು. ರೋಬೋಟಿಕ್ಸ್ ಕ್ಲಬ್ ಬಿಟ್ಟು, ಕಾಲೇಜಿನ ಮ್ಯಾಥ್ ಲ್ಯಾಬ್‌ನಲ್ಲಿ ಕೂತಳು. ಅಲ್ಲಿ ಟ್ಯೂಟರ್ ಬಿಟ್ಟಿ. ಕೊನೆಗೆ ಬಿ ಬಂತು, ಸ್ಪ್ರಿಂಗ್‌ನಲ್ಲಿ ಎ. ಇದೇ ನನಗೆ ಹೆಮ್ಮೆ.

ದುಡ್ಡಿನ ವಿಷಯಕ್ಕೆ ಬಂದರೆ, ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾದ ಬೇರೆ ವಿದ್ಯಾರ್ಥಿಗಳಿಗೆ ಯೂನಿಟ್‌ಗೆ 46 ಡಾಲರ್. ಹೈಸ್ಕೂಲ್ ವಿದ್ಯಾರ್ಥಿ ಅಂತ ಅವಳಿಗೆ ಆ ಫೀ ಇರಲಿಲ್ಲ. ಹಳೆ ಎಡಿಷನ್ ಪುಸ್ತಕ, ಪಾರ್ಕಿಂಗ್ ಎಲ್ಲ ಸೇರಿ ನೂರೈವತ್ತರೊಳಗೆ ಮುಗಿಯಿತು. ಎಪಿ ಪರೀಕ್ಷೆಗೇ ಜಾಸ್ತಿ ಹೋಯಿತು. ಒಂದಕ್ಕೆ ನೂರರ ಹತ್ತಿರ, ಫಿಸಿಕ್ಸ್ ಸಿ ಅಂದರೆ ಎರಡು ಪರೀಕ್ಷೆ. ನಿಜವಾಗಿ ನೀರಿಗೆ ಹೋದದ್ದು ಅದಕ್ಕೂ ಹಿಂದಿನ ಬೇಸಿಗೆಯ ಆನ್‌ಲೈನ್ ಸ್ಟ್ಯಾಟಿಸ್ಟಿಕ್ಸ್‌ಗೆ ಕೊಟ್ಟ ಏಳೆಂಟು ನೂರು ಡಾಲರ್. ಮಧ್ಯದಲ್ಲಿ ಟೀಚರ್ ಬದಲಾದರು, ಗ್ರೇಡ್ ಬರಲೇ ಇಲ್ಲ, ಹಣವೂ ವಾಪಸ್ಸಿಲ್ಲ.

ಇದರ ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಚಿಕ್ಕಂದಿನಿಂದ ಭಾನುವಾರದ ಕನ್ನಡ ಕ್ಲಾಸಿಗೆ ಹೋಗಿದ್ದಳಲ್ಲ, ಕನ್ನಡದಲ್ಲೇ ಪರೀಕ್ಷೆ ಬರೆದು ಸ್ಟೇಟ್ ಸೀಲ್ ಆಫ್ ಬೈಲಿಟರಸಿ (ಎರಡು ಭಾಷೆ ಓದಿ ಬರೆಯಬಲ್ಲವರಿಗೆ ರಾಜ್ಯ ಕೊಡುವ ಮನ್ನಣೆ) ತೆಗೆದುಕೊಂಡಳು. ಡಿಪ್ಲೊಮಾ ಮೇಲೆ ಮುದ್ರೆ ಬಂತು. ಅಡ್ಮಿಷನ್‌ಗೆ ಅದು ತಲುಪುವಷ್ಟು ಬೇಗ ಆಗಲಿಲ್ಲ. ಆದರೂ ಮಾಡಿಸಿ, ಚೆನ್ನಾಗಿರುತ್ತೆ.

ಅರ್ಜಿಯ ಅಡಿಷನಲ್ ಕಾಮೆಂಟ್ಸ್ ಜಾಗದಲ್ಲಿ ಈ ಟೈಮ್‌ಟೇಬಲ್ ಬಗ್ಗೆ ಏನು ಬರೆದೆವು, ಯಾವ ಪ್ರೊಫೆಸರ್ ಸೆಕ್ಷನ್ ಹಿಡಿದೆವು, ಅದನ್ನು ಈಗ ಹೇಳಲ್ಲ. ಮಗ ಹತ್ತನೇ ಕ್ಲಾಸು, ಅವನಿಗೂ ಸೀಟು ಬೇಕಲ್ವಾ. ಆದರೆ ಇದೊಂದು ಹೇಳುತ್ತೇನೆ. ರಿಜಿಸ್ಟರ್ ಮಾಡುವ ಮೊದಲೇ ಅಸಿಸ್ಟ್ ವೆಬ್‌ಸೈಟಿನಲ್ಲಿ ಯಾವ ಕೋರ್ಸ್ ಯಾವ ಯುಸಿಯಲ್ಲಿ ಯಾವುದಕ್ಕೆ ಸಮ ಅಂತ ನೋಡಿಕೊಳ್ಳಿ. ಅದನ್ನು ನೋಡಿದ್ದರಿಂದಲೇ ಮಗಳು ಸ್ಯಾನ್ ಡಿಯಾಗೋದಲ್ಲಿ ಅವೇ ಎರಡು ಕೋರ್ಸುಗಳನ್ನು, ಅಂದರೆ ಮ್ಯಾಥ್ 20ಸಿ, ಮ್ಯಾಥ್ 18 ಅನ್ನು, ಮತ್ತೆ ಓದಬೇಕಾಗಿಲ್ಲ.