ಮಿತಭಾಷಿ, ಮುಗುಮ್ಮು: ಯಾವ ಪದವನ್ನು ಎಲ್ಲಿ ಬಳಸಬೇಕು?

ಮಾತನಾಡಲು ಹಿಂಜರಿಯುವವರನ್ನು ಬಣ್ಣಿಸಬೇಕಾದಾಗ ನಾವು ಬಹುತೇಕ ‘ಮಿತಭಾಷಿ’ ಎಂದು ಬರೆದು ಮುಂದೆ ಹೋಗುತ್ತೇವೆ. ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಆ ವ್ಯಕ್ತಿ ಮಾತನಾಡದಿರುವುದು ಸ್ವಭಾವದಿಂದಲೋ, ಸಂದರ್ಭದಿಂದಲೋ?

ಸ್ವಭಾವದಿಂದಾದರೆ ‘ಮಿತಭಾಷಿ’ ಸರಿಯಾದ ಪದ. ಮಿತ ಎಂದರೆ ಅಳತೆಯಲ್ಲಿರುವುದು. ಆದ್ದರಿಂದ ಮಿತಭಾಷಿಯು ಮಾತೇ ಆಡದವನಲ್ಲ, ಬೇಕಾದಷ್ಟನ್ನು ಮಾತ್ರ ಆಡುವವನು. ಈ ಪದದಲ್ಲಿ ಮೆಚ್ಚುಗೆಯ ಧ್ವನಿ ಇರುವುದರಿಂದ ಸನ್ಮಾನ ಪತ್ರಕ್ಕೂ ಶ್ರದ್ಧಾಂಜಲಿಗೂ ಅದು ಒಪ್ಪುತ್ತದೆ. ಗಂಡು ಹೆಣ್ಣು ಇಬ್ಬರಿಗೂ ಇದೇ ರೂಪ ಸಾಕು. ‘ಮಿತಭಾಷಿಣಿ’ ತಪ್ಪಲ್ಲವಾದರೂ ಇಂದಿನ ಬರಹದಲ್ಲಿ ಕೊಂಚ ಅಲಂಕಾರದಂತೆ ತೋರುತ್ತದೆ. ಇದನ್ನು ‘ಮೃದುಭಾಷಿ’ಯೊಂದಿಗೆ ಬೆರೆಸಬಾರದು. ಮೃದುವಾಗಿ ಗಂಟೆಗಟ್ಟಲೆ ಮಾತನಾಡುವವರೂ ಇದ್ದಾರೆ, ನಾಲ್ಕೇ ಮಾತನ್ನು ಒರಟಾಗಿ ಆಡುವವರೂ ಇದ್ದಾರೆ.

ಸಂದರ್ಭದಿಂದ ಬಂದ ಮೌನಕ್ಕೆ ‘ಮುಗುಮ್ಮಾಗಿ’ ಎಂಬುದು ಹೆಚ್ಚು ಹೊಂದುತ್ತದೆ. ‘ಊರಿನ ಸುದ್ದಿಯನ್ನೆಲ್ಲ ಹೇಳಿದ ದೊಡ್ಡಪ್ಪ, ಆಸ್ತಿಯ ಪಾಲಿನ ಮಾತು ಬಂದೊಡನೆ ಮುಗುಮ್ಮಾಗಿ ಕುಳಿತರು’ ಎಂಬ ವಾಕ್ಯವನ್ನು ಗಮನಿಸಿ. ದೊಡ್ಡಪ್ಪ ಮಾತಿನ ಮಲ್ಲರೇ ಇರಬಹುದು. ಆ ಒಂದು ವಿಷಯದಲ್ಲಿ ಮಾತ್ರ ಅವರು ಬಾಯಿ ಬಿಡುತ್ತಿಲ್ಲ, ಮತ್ತು ಅವರಿಗೆ ಏನೋ ಗೊತ್ತಿದೆ ಎಂಬ ಅನುಮಾನವನ್ನೂ ಪದವೇ ಹುಟ್ಟಿಸುತ್ತದೆ. ಈ ಅನುಮಾನದ ಕಾರಣದಿಂದಲೇ ಅದನ್ನು ಗೌರವದ ಬರಹದಲ್ಲಿ ಬಳಸದಿರುವುದು ಮೇಲು. ಸಾಮಾನ್ಯವಾಗಿ ಇದು ‘ಇರು’, ‘ಉಳಿ’, ‘ಕೂರು’ ಮುಂತಾದ ಕ್ರಿಯಾಪದಗಳ ಜೊತೆ ಬರುತ್ತದೆ.

ಮೌನದ ಕಾರಣ ತಿಳಿದಿದ್ದರೆ ಕಾರಣವನ್ನೇ ಹೇಳುವುದು ಇನ್ನೂ ಉತ್ತಮ. ಹೊಸಬರ ಮುಂದೆ ಮಾತು ತಡೆದರೆ ಅದು ಸಂಕೋಚ. ಎದುರಿನವರ ಮನಸ್ಸು ನೋಯಬಾರದೆಂದು ತಡೆದರೆ ದಾಕ್ಷಿಣ್ಯ. ತಾನಾಗಿ ಮೊದಲು ಮಾತನಾಡಿಸುವುದು ತನ್ನ ಘನತೆಗೆ ಕಡಿಮೆ ಎಂದುಕೊಂಡರೆ ಬಿಗುಮಾನ. ಸಂಕೋಚದ ಹುಡುಗಿಯನ್ನು ಬಿಗುಮಾನದವಳೆಂದು ಬರೆದರೆ ಅದು ಪದದ ತಪ್ಪಷ್ಟೇ ಅಲ್ಲ, ಅವಳ ಮೇಲೆ ಹೊರಿಸಿದ ಆರೋಪ.

‘ತುಟಿ ಪಿಟಕ್ಕೆನ್ನು’ ಎಂಬ ನುಡಿಗಟ್ಟು ನಿಷೇಧ ರೂಪದಲ್ಲಿಯೇ ಚೆನ್ನ: ‘ತುಟಿ ಪಿಟಕ್ಕೆನ್ನಲಿಲ್ಲ’, ‘ತುಟಿ ಪಿಟಕ್ಕೆನ್ನದೆ ಎದ್ದು ಹೋದ’. ‘ಬಾಯಿ ಬಿಡು’ ಎಂಬುದಕ್ಕೆ ಈ ಕಟ್ಟಿಲ್ಲ. ‘ಆರೋಪಿ ಕೊನೆಗೂ ಬಾಯಿ ಬಿಟ್ಟ’ ಎಂದು ಧಾರಾಳವಾಗಿ ಬರೆಯಬಹುದು.