ಬೇಸಿಗೆಯ ಸಮುದಾಯ ತೋಟ: ಕೊಯ್ಲು, ಪಾಲು ಮತ್ತು ಅಡುಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಹಿತ್ತಲಲ್ಲಿ, ಬಡಾವಣೆಯ ಮೂಲೆ ನಿವೇಶನಗಳಲ್ಲಿ, ತಾರಸಿಗಳ ಮೇಲೆ ಹತ್ತಾರು ಮನೆಯವರು ಸೇರಿ ಬೆಳೆಸುವ ತರಕಾರಿ ತೋಟಗಳು ಈಗ ಅಪರೂಪವಲ್ಲ. ಜನವರಿ ಕೊನೆಯಲ್ಲಿ ಬಿತ್ತಿದ ಬೆಂಡೆ, ಸೌತೆ, ಹೀರೆ, ಅಲಸಂದೆ, ದಂಟು ಎಲ್ಲವೂ ಯುಗಾದಿಯ ಆಸುಪಾಸಿನಲ್ಲಿ ಒಂದರ ಹಿಂದೊಂದು ಫಸಲಿಗೆ ಬರುತ್ತವೆ. ಬೀಜ, ಗೊಬ್ಬರ, ಕೀಟಗಳ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೈಗೆ ಬಂದ ಫಸಲನ್ನು ಯಾವಾಗ ಕೊಯ್ಯಬೇಕು, ಯಾರಿಗೆ ಎಷ್ಟು ಕೊಡಬೇಕು, ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ಮೊದಲೇ ಯೋಚಿಸಿದ ಗುಂಪುಗಳು ಕಡಿಮೆ, ಮತ್ತು ನಾನು ಕಂಡಂತೆ ಮನಸ್ತಾಪ ಹುಟ್ಟುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಆದ್ದರಿಂದ ಹಂಚಿಕೆಯ ನಿಯಮವನ್ನು ಮೊದಲ ಹೂವು ಬಿಡುವ ಹೊತ್ತಿಗೇ ಎಲ್ಲರೂ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಯಾವಾಗ ಕೊಯ್ಯಬೇಕು

ಬೇಸಿಗೆಯ ಕೊಯ್ಲು ಬೆಳಗಿನ ಕೆಲಸ. ರಾತ್ರಿಯ ತಂಪಿನಲ್ಲಿ ನೀರು ತುಂಬಿಕೊಂಡ ಕಾಯಿ ಮತ್ತು ಸೊಪ್ಪು ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಗರಿಗರಿಯಾಗಿರುತ್ತವೆ. ಹತ್ತು ಗಂಟೆಗೆ ಕಿತ್ತ ಸೊಪ್ಪು ಮಧ್ಯಾಹ್ನದೊಳಗೆ ಬಾಡುತ್ತದೆ. ಕೈಯಿಂದ ಜಗ್ಗಿ ಕೀಳಬಾರದು. ಕತ್ತರಿಯಿಂದಲೋ ಸಣ್ಣ ಚಾಕುವಿನಿಂದಲೋ ತೊಟ್ಟು ಉಳಿಸಿ ಕತ್ತರಿಸಿದರೆ ಬಳ್ಳಿಗೂ ಪೆಟ್ಟಾಗುವುದಿಲ್ಲ, ಕಾಯಿಯೂ ಹೆಚ್ಚು ದಿನ ಬಾಳುತ್ತದೆ. ಕುಂಬಳಕಾಯಿಗೆ ಎರಡು ಮೂರು ಇಂಚು ತೊಟ್ಟು ಇರಲೇಬೇಕು, ಏಕೆಂದರೆ ಅದು ಕೊಳೆಯಲು ಶುರುವಾಗುವುದು ತೊಟ್ಟು ಮುರಿದ ಜಾಗದಿಂದ.

ಬೆಂಡೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಹೂವು ಅರಳಿದ ಐದಾರು ದಿನಕ್ಕೆ ಕಾಯಿ ಅಡುಗೆಗೆ ಸರಿಯಾಗಿರುತ್ತದೆ, ಇನ್ನೆರಡು ದಿನ ಬಿಟ್ಟರೆ ನಾರು ಕಟ್ಟುತ್ತದೆ. ತುದಿಯನ್ನು ಬೆರಳಿನಿಂದ ಬಗ್ಗಿಸಿದಾಗ ಟಕ್ಕೆಂದು ಮುರಿದರೆ ಎಳಸು. ಬಾಗಿ ನಿಂತರೆ ಬಲಿತಿದೆ ಎಂದರ್ಥ. ಬಲಿತ ಕಾಯಿಗಳು ಗಿಡದಲ್ಲೇ ಉಳಿದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಹೊಸ ಹೂವು ಕಡಿಮೆಯಾಗುವುದರಿಂದ, ದಿನ ಬಿಟ್ಟು ದಿನ ಕೊಯ್ಯುವುದಕ್ಕೆ ಸರದಿ ಗೊತ್ತುಮಾಡಿಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂಥ ತಳಿ ಹಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಬೆಂಡೆಯ ಸುಂಕು ಕೆಲವರ ಕೈಗೆ ತುರಿಕೆ ತರುತ್ತದೆ, ಆದ್ದರಿಂದ ಮಕ್ಕಳನ್ನು ಕೊಯ್ಲಿಗೆ ಕರೆದೊಯ್ಯುವಾಗ ತುಂಬುತೋಳಿನ ಅಂಗಿ ಹಾಕಿಸಿ.

ಉಳಿದವುಗಳನ್ನು ಗುರುತಿಸುವುದು ಸುಲಭ. ಹೀರೆ ಮತ್ತು ಸೋರೆಯ ಸಿಪ್ಪೆಯಲ್ಲಿ ಉಗುರು ಸಲೀಸಾಗಿ ಇಳಿಯಬೇಕು. ಬದನೆ ಮಿರುಗುತ್ತಿರಬೇಕು, ಹೊಳಪು ಮಾಸಿದರೆ ಒಳಗೆ ಬೀಜ ಬಲಿತಿರುತ್ತದೆ. ಅಲಸಂದೆಯಲ್ಲಿ ಕಾಳು ಉಬ್ಬುವ ಮೊದಲೇ ಕೊಯ್ದರೆ ಪಲ್ಯಕ್ಕೆ, ಉಬ್ಬಿದ ಮೇಲೆ ಕೊಯ್ದರೆ ಹುಳಿಗೆ. ಟೊಮ್ಯಾಟೊವನ್ನು ಏಪ್ರಿಲ್ ಬಿಸಿಲಿನಲ್ಲಿ ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟರೆ ಮೇಲ್ಮೈ ಸುಟ್ಟು ಬೆಳ್ಳಗಿನ ಕಲೆ ಬೀಳುತ್ತದೆ, ಆದ್ದರಿಂದ ನಸುಗೆಂಪು ತಿರುಗಿದೊಡನೆ ಕೊಯ್ದು ಮನೆಯ ನೆರಳಿನಲ್ಲಿ ಹಣ್ಣಾಗಿಸುವುದು ಲೇಸು. ದಂಟು, ಹರಿವೆ ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಬರುತ್ತವೆ; ಬೇರುಸಹಿತ ಕೀಳುವ ಬದಲು ಬುಡದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿದರೆ ಹಲವು ತಳಿಗಳು ಮತ್ತೆ ಚಿಗುರುತ್ತವೆ.

ನೀರು ಮತ್ತು ಕಹಿ ಕಾಯಿ

ಬೇಸಿಗೆಯ ತೋಟಕ್ಕೆ ಯಾವ ನೀರು ಹಾಕಿದ್ದೀರಿ ಎಂಬುದು ಕೊಯ್ದ ಮೇಲೂ ಮುಖ್ಯವಾಗುತ್ತದೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಆಗ ಅನೇಕ ತೋಟಗಳು ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನೇ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಬರುವ ನೀರನ್ನೇ, ನೆಚ್ಚಿಕೊಳ್ಳಬೇಕಾಯಿತು. ಆ ನೀರನ್ನು ಚಪ್ಪರದ ಬಳ್ಳಿಗಳ ಬುಡಕ್ಕೆ, ಬೇಯಿಸಿ ತಿನ್ನುವ ತರಕಾರಿಗಳಿಗೆ ಮಾತ್ರ ಹಾಕಿ. ಹಸಿಯಾಗಿ ತಿನ್ನುವ ಸೌತೆ, ಕೊತ್ತಂಬರಿ, ಪುದೀನಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಮೀಸಲಿಡಿ. ಪಾಲು ಕೊಡುವಾಗ ಯಾವ ಮಡಿಗೆ ಯಾವ ನೀರು ಎಂಬುದನ್ನು ಪಡೆಯುವವರಿಗೆ ಹೇಳುವುದು ನಿಮ್ಮ ಹೊಣೆ. ಬೇವಿನೆಣ್ಣೆಯನ್ನೋ ಬೇರೆ ಯಾವುದನ್ನೋ ಸಿಂಪಡಿಸಿದ್ದರೆ ಅದನ್ನೂ ಹೇಳಬೇಕು.

ಇದಕ್ಕಿಂತ ಗಂಭೀರವಾದದ್ದು ಕಹಿಯ ವಿಷಯ. ಬಿಸಿಲು ಹೆಚ್ಚಾಗಿ, ನೀರು ಒಂದು ದಿನ ಸಿಕ್ಕಿ ನಾಲ್ಕು ದಿನ ತಪ್ಪಿದಾಗ, ಸೋರೆ, ಸೌತೆ, ಹೀರೆ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಹೆಚ್ಚಾಗಬಹುದು. ಹಾಗಲದ ಸಹಜ ಕಹಿಯೇ ಬೇರೆ, ಇದೇ ಬೇರೆ. ಕಹಿ ಸೋರೆಕಾಯಿಯ ರಸ ಕುಡಿದವರಿಗೆ ವಾಂತಿ, ರಕ್ತಸ್ರಾವವಾಗಿ ಸಾವು ಸಂಭವಿಸಿದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ, ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ್ದ ತಜ್ಞರ ಸಮಿತಿಯು ಕಹಿ ರಸವನ್ನು ಕುಡಿಯಲೇಬಾರದೆಂದು ಸ್ಪಷ್ಟವಾಗಿ ಹೇಳಿದೆ. ಹೆಚ್ಚುವ ಮೊದಲು ತುದಿಯಿಂದ ಒಂದು ಚಿಕ್ಕ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯೆನಿಸಿದರೆ ಉಗುಳಿ, ಬಾಯಿ ಮುಕ್ಕಳಿಸಿ, ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಬೇಯಿಸಿದರೆ ಈ ಕಹಿ ಹೋಗುವುದಿಲ್ಲ. ಅದೇ ಬಳ್ಳಿಯ ಬೇರೆ ಕಾಯಿಗಳನ್ನು ಪಡೆದವರಿಗೂ ತಕ್ಷಣ ತಿಳಿಸಬೇಕು, ಮತ್ತು ಆ ಬಳ್ಳಿಯ ಬೀಜವನ್ನು ಇಟ್ಟುಕೊಳ್ಳಬಾರದು.

ಪಾಲು ಹಾಕುವ ಬಗೆ

ಹದಿನಾರು ಮನೆಗಳಿಗೆ ಮೂವತ್ತೆರಡು ಬೆಂಡೆಕಾಯಿಯನ್ನು ಎರಡೆರಡರಂತೆ ಹಂಚಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಒಂದು ಮನೆಯಲ್ಲೂ ಪಲ್ಯ ಆಗುವುದಿಲ್ಲ. ಆ ಎರಡು ಕಾಯಿಗಳು ಫ್ರಿಜ್ಜಿನ ಮೂಲೆಯಲ್ಲಿ ಒಣಗುತ್ತವೆ. ನಾನು ಎಲ್ಲ ಗುಂಪುಗಳಿಗೂ ಒತ್ತಿ ಹೇಳುವುದು ಇದನ್ನೇ: ಫಸಲನ್ನು ಕಾಯಿಯ ಲೆಕ್ಕದಲ್ಲಿ ಹಂಚಬೇಡಿ, ಒಂದು ಹೊತ್ತಿನ ಅಡುಗೆಯ ಲೆಕ್ಕದಲ್ಲಿ ಹಂಚಿ. ನಾಲ್ಕು ಜನರ ಮನೆಗೆ ಒಂದು ಪಲ್ಯಕ್ಕೆ ಸುಮಾರು 300 ಗ್ರಾಂ ಬೆಂಡೆ, ಅರ್ಧ ಕಿಲೋ ಹೀರೆ, ಎರಡು ಕಟ್ಟು ದಂಟಿನ ಸೊಪ್ಪು ಬೇಕು ಎಂದಿಟ್ಟುಕೊಳ್ಳಿ. ಇದೇ ಒಂದು ಪಾಲು. ಇಂದಿನ ಕೊಯ್ಲಿನಲ್ಲಿ ಎರಡೇ ಪಾಲು ಬೆಂಡೆ ಬಂದಿದ್ದರೆ ಅದು ಸರದಿಯಲ್ಲಿರುವ ಎರಡು ಮನೆಗಳಿಗೆ ಪೂರ್ತಿಯಾಗಿ ಹೋಗಲಿ, ನಾಡಿದ್ದಿನದು ಮುಂದಿನ ಎರಡು ಮನೆಗಳಿಗೆ. ವಯಸ್ಸಾದ ದಂಪತಿಯಷ್ಟೇ ಇರುವ ಮನೆಗೆ ಅರ್ಧ ಪಾಲು ಸಾಕಾಗಬಹುದು. ಅದನ್ನು ಅವರೇ ಹೇಳಲಿ, ನೀವು ಊಹಿಸಬೇಡಿ.

ಸರದಿಗೆ ಒಂದು ಸಾದಾ ನೋಟ್‌ಪುಸ್ತಕ ಸಾಕು. ದಿನಾಂಕ, ತರಕಾರಿ, ತೂಕ, ಪಡೆದ ಮನೆ, ಇಷ್ಟನ್ನು ತೋಟದ ಬಾಗಿಲ ಬಳಿಯೇ ಬರೆದು, ಆ ಪುಟದ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಯಾರಿಗೂ ಕೇಳುವ ಸಂಕೋಚವಿರುವುದಿಲ್ಲ. ಹಾಗಲ ತಿನ್ನದ ಮನೆ, ಬದನೆ ಒಗ್ಗದ ಮನೆ ಇದ್ದೇ ಇರುತ್ತವೆ. ಅಂಥವರು ಸರದಿಯನ್ನು ಬೇರೆಯವರೊಂದಿಗೆ ಅದಲುಬದಲು ಮಾಡಿಕೊಳ್ಳಲು ಅವಕಾಶವಿರಲಿ.

ಮೊದಲ ಪಾಲು ಯಾರದು ಎಂಬ ಪ್ರಶ್ನೆಗೆ ನನ್ನಲ್ಲಿ ಅನುಮಾನವಿಲ್ಲ. ಬೆಳಗಾಗೆದ್ದು ನೀರು ಹಾಯಿಸುವ ಮಾಲಿಗೆ, ಗೊಬ್ಬರದ ಗುಂಡಿಗೆ ಹಸಿಕಸ ಬೇರ್ಪಡಿಸಿ ಕೊಡುವ ಹೌಸ್‌ಕೀಪಿಂಗ್ ಅಕ್ಕಂದಿರಿಗೆ, ರಾತ್ರಿ ತೋಟ ಕಾಯುವ ಸೆಕ್ಯುರಿಟಿಯವರಿಗೆ ಸರದಿ ಪಟ್ಟಿಯಲ್ಲೇ ಸ್ಥಾನವಿರಬೇಕು, ಮನೆಗಳವರಿಗೆ ಕೊಡುವಂಥದೇ ಎಳಸು ಕಾಯಿಯ ಪೂರ್ತಿ ಪಾಲು ಸಿಗಬೇಕು. ಎಲ್ಲರೂ ಆರಿಸಿಕೊಂಡು ಮಿಕ್ಕ ಬಲಿತ ಕಾಯಿಯನ್ನು ಕವರಿಗೆ ತುಂಬಿ ಕೊಡುವ ರೂಢಿ ಎಲ್ಲಿದ್ದರೂ ಅದನ್ನು ನಿಲ್ಲಿಸಬೇಕು.

ಕೆಲವು ವಾರ ಎಲ್ಲರಿಗೂ ಸಿಕ್ಕಿ ಮಿಗುವಷ್ಟು ಬರುತ್ತದೆ. ಹತ್ತಿರದ ಅಂಗನವಾಡಿಗೋ ವೃದ್ಧಾಶ್ರಮಕ್ಕೋ ಕೊಡುವುದಾದರೆ ಹಿಂದಿನ ದಿನವೇ ಕೇಳಿಕೊಳ್ಳಿ, ಏಕೆಂದರೆ ಅಲ್ಲಿ ಅಡುಗೆ ಮಾಡುವವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಬಂದಿಳಿದ ಮೂರು ಕಿಲೋ ಹೀರೆ ಹೊರೆಯಾಗಬಹುದು. ಮಾರುವುದಾದರೆ ಆ ದಿನದ ಹಾಪ್‌ಕಾಮ್ಸ್ ದರವನ್ನೇ ಇಟ್ಟು, ಬಂದ ಹಣವನ್ನು ಬೀಜ, ಗೊಬ್ಬರದ ಡಬ್ಬಿಗೆ ಹಾಕಿ. ನಗರದಲ್ಲಿ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ ನಡೆಸುವ ‘ಊಟ ಫ್ರಂ ಯುವರ್ ತೋಟ’ದಂಥ ಕೂಟಗಳು ಬೇರೆ ತೋಟದವರನ್ನು ಕಾಣಲು, ಬೀಜ ಪಡೆಯಲು ಒಳ್ಳೆಯ ಜಾಗ.

ಕೂಡಿ ಉಣ್ಣುವುದು, ಕೂಡಿ ಒಣಗಿಸುವುದು

ರಾಮನವಮಿಗೆ ತೋಟದ ಸೌತೆಕಾಯಿಯಲ್ಲೇ ಕೋಸಂಬರಿ ಮಾಡಿ ಹಂಚಬೇಕೆಂದಿದ್ದರೆ, ಹಬ್ಬಕ್ಕೆ ಸುಮಾರು ಎರಡು ತಿಂಗಳು ಮೊದಲು ಒಂದು ಮಡಿಯನ್ನು ಅದಕ್ಕೆಂದೇ ಬಿತ್ತಿಡಿ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಹೆಚ್ಚಿದ ಸೌತೆ, ತೆಂಗಿನ ತುರಿ, ಕೊತ್ತಂಬರಿ, ಹಸಿಮೆಣಸು ಸೇರಿಸಿ ಒಗ್ಗರಣೆ ಕೊಡಿ. ಉಪ್ಪು ಮತ್ತು ನಿಂಬೆರಸವನ್ನು ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಇಲ್ಲವಾದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಪ್ಪೆಯಾಗುತ್ತದೆ. ಜೊತೆಗೆ ಪಾನಕ, ನೀರುಮಜ್ಜಿಗೆ ಇದ್ದರೆ ಬೇರೇನೂ ಬೇಡ.

ಒಂದೊಂದೇ ಹಿಡಿ ಉಳಿದ ದಂಟು, ಹರಿವೆ, ಅಲಸಂದೆ ಎಲ್ಲ ಸೇರಿದರೆ ಬಸ್ಸಾರಿಗೆ ಹೇಳಿ ಮಾಡಿಸಿದಂತಿರುತ್ತದೆ. ಹೀರೆಕಾಯಿ ಪಡೆದವರು ಸಿಪ್ಪೆಯನ್ನು ಎಸೆಯದೆ, ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಒಣಮೆಣಸು, ಹುಣಸೆಯೊಂದಿಗೆ ರುಬ್ಬಿದರೆ ಎರಡನೆಯ ಹೊತ್ತಿಗೆ ಚಟ್ನಿಯಾಯಿತು. ಬೆಂಡೆ, ಬದನೆ, ಸೌತೆಗಳಿಗೆ ಫ್ರಿಜ್ಜಿನ ತೀವ್ರ ಚಳಿ ಆಗದು. ಹತ್ತಿಬಟ್ಟೆಯಲ್ಲಿ ಸುತ್ತಿ ಕೆಳಗಿನ ಟ್ರೇಯಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಬಳಸಿ. ಬಲಿತ ಮಂಗಳೂರು ಸೌತೆಗೆ ಆ ತೊಂದರೆಯಿಲ್ಲ. ಕರಾವಳಿಯ ಮನೆಗಳಲ್ಲಿ ಅದನ್ನು ಹಗ್ಗದಲ್ಲಿ ಕಟ್ಟಿ ಜಂತಿಗೆ ತೂಗುಹಾಕಿ ಮಳೆಗಾಲದವರೆಗೂ ಇಡುತ್ತಿದ್ದರು, ಗಾಳಿಯಾಡುವ ಬಾಲ್ಕನಿಯಲ್ಲಿ ನೀವೂ ಹಾಗೆ ಇಡಬಹುದು.

ಹಸಿಮೆಣಸಿನಕಾಯಿ ವಿಪರೀತ ಬಂದ ವಾರ ಬಾಳಕಕ್ಕೆ ಕೈಹಾಕಿ, ಮತ್ತು ಅದನ್ನು ತಾರಸಿಯ ಮೇಲೆ ಎಲ್ಲರೂ ಸೇರಿಯೇ ಮಾಡಿ. ಕಾಯಿಯನ್ನು ತೊಟ್ಟು ಸಹಿತ ತೊಳೆದು ಒರೆಸಿ, ಒಂದು ಬದಿಯಲ್ಲಿ ಉದ್ದಕ್ಕೆ ಸೀಳಿ, ಚೆನ್ನಾಗಿ ಹುಳಿ ಬಂದ ಗಟ್ಟಿ ಮಜ್ಜಿಗೆಗೆ ಉಪ್ಪು ಹಾಕಿ ರಾತ್ರಿಯೆಲ್ಲ ನೆನೆಸಬೇಕು. ಬೆಳಿಗ್ಗೆ ಕಾಯಿಗಳನ್ನಷ್ಟೇ ತೆಗೆದು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆಯೆಲ್ಲ ಕಾಯಿ ಹೀರಿಕೊಳ್ಳುವವರೆಗೆ ಹೀಗೆ ಮಾಡಿ, ಆಮೇಲೆ ಮುರಿದರೆ ಸದ್ದು ಬರುವಷ್ಟು ಒಣಗಿಸಿ ಡಬ್ಬಿಗೆ ತುಂಬಿದರೆ ವರ್ಷವಿಡೀ ಮೊಸರನ್ನಕ್ಕೆ ಕರಿದುಕೊಳ್ಳಬಹುದು. ಹಾಗಲವನ್ನು ಬಿಲ್ಲೆಯಾಗಿ ಹೆಚ್ಚಿ, ಗೋರಿಕಾಯಿಯನ್ನು ಇಡಿಯಾಗಿ ಬಳಸಿ ಇದೇ ಕ್ರಮದಲ್ಲಿ ಬಾಳಕ ಮಾಡಬಹುದು. ಏಪ್ರಿಲ್ ಕೊನೆಗೆ ಮಾವಿನ ಹೊಯ್ಲು ಯಾವ ಸಂಜೆ ಬೇಕಾದರೂ ಸುರಿಯಬಹುದು. ಹರಡಿದ್ದನ್ನು ನಾಲ್ಕು ಗಂಟೆಗೆ ಒಳಗೆ ತರುವ ಹೊಣೆ ಒಬ್ಬರ ಹೆಸರಿಗಿರಲಿ.

ಬೀಜಕ್ಕೆ ಬಿಡುವುದು

ಪ್ರತಿ ಬೆಳೆಯಲ್ಲೂ ಎಲ್ಲಕ್ಕಿಂತ ಆರೋಗ್ಯವಾಗಿರುವ ಎರಡು ಮೂರು ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಅದರ ಕೆಲವು ಕಾಯಿಗಳನ್ನು ಯಾರೂ ಕೊಯ್ಯದಂತೆ ಬಿಡಿ. ಬೆಂಡೆ, ಅಲಸಂದೆ ಕಾಯಿಗಳು ಗಿಡದಲ್ಲೇ ಒಣಗಿ ಕಂದು ತಿರುಗಬೇಕು. ಸೋರೆ, ಹೀರೆ, ಸೌತೆಯ ಬೇರೆಬೇರೆ ತಳಿಗಳು ಪಕ್ಕಪಕ್ಕದಲ್ಲಿದ್ದರೆ ಜೇನುನೊಣಗಳಿಂದ ಅಡ್ಡ ಪರಾಗಸ್ಪರ್ಶವಾಗಿ ಮುಂದಿನ ಸಲ ಬೇರೆಯದೇ ಕಾಯಿ ಬರಬಹುದು, ಆದ್ದರಿಂದ ಒಂದು ಋತುವಿಗೆ ಒಂದೇ ತಳಿ ಹಾಕಿದ್ದರೆ ಮಾತ್ರ ಅವುಗಳ ಬೀಜ ತೆಗೆಯಿರಿ. ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜ ತಾಯಿಗಿಡದಂತೆ ಬರುವ ಭರವಸೆಯಿಲ್ಲ. ಒಣಗಿದ ಬೀಜಕ್ಕೆ ಸ್ವಲ್ಪ ಒಲೆಯ ಬೂದಿ ಬೆರೆಸಿ ಕಾಗದದ ಪೊಟ್ಟಣದಲ್ಲಿಟ್ಟು, ಬೆಳೆಯ ಹೆಸರು, ತೆಗೆದ ತಿಂಗಳು, ಯಾವ ಮಡಿ ಎಂದು ಬರೆದು, ಮುಂಗಾರಿನ ಬಿತ್ತನೆಗೆ ಮೊದಲು ಸರದಿ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಪೊಟ್ಟಣ ತಲುಪಿಸಿ.