ದೌರ್ಜನ್ಯದ ನೆನಪನ್ನು ತಡೆಯಲು ಕುಡಿಯುತ್ತಿದ್ದರೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಹಲವರು ರಾತ್ರಿ ನಿದ್ದೆ ಬರಲೆಂದು, ನೆನಪುಗಳು ನುಗ್ಗಿ ಬಾರದಿರಲೆಂದು, ಇಲ್ಲವೇ ನಾಲ್ಕು ಜನರ ನಡುವೆ ಎದೆ ಹೊಡೆದುಕೊಳ್ಳದೆ ಕೂರಲೆಂದು ಕುಡಿಯಲು ತೊಡಗುತ್ತಾರೆ. ನೀವೂ ಅವರಲ್ಲೊಬ್ಬರಾಗಿದ್ದರೆ, ಅದನ್ನು ನಿಮ್ಮ ನಡತೆಯ ದೋಷವೆಂದು ಭಾವಿಸಬೇಡಿ. ತಾಳಲಾರದ ನೋವಿಗೆ ಕೈಗೆಟುಕಿದ ಮದ್ದನ್ನು ನೀವು ಬಳಸಿದ್ದೀರಿ, ಅಷ್ಟೇ. ದೌರ್ಜನ್ಯ ನಡೆದಾಗ ನೀವು ಕುಡಿದಿದ್ದರೂ ಅಪರಾಧ ಅದನ್ನು ಎಸಗಿದವರದೇ.

ಬಿಡುವ ನಿರ್ಧಾರಕ್ಕೆ ಮೊದಲು ಒಂದು ಎಚ್ಚರಿಕೆ ಅಗತ್ಯ. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಾಗಿದ್ದು, ಕುಡಿಯದಿದ್ದರೆ ಕೈ ನಡುಗುವುದು, ಬೆವರುವುದು, ವಾಕರಿಕೆ ಬರುವುದು ಇದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಅಂಥವರಿಗೆ ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ಕುಡಿತ ಬಿಡುವುದನ್ನು ವೈದ್ಯರ ನಿಗಾದಲ್ಲಿಯೇ ಮಾಡಬೇಕು. ನಿದ್ದೆ ಮಾತ್ರೆಯನ್ನು ಮದ್ಯದೊಂದಿಗೆ ಎಂದಿಗೂ ಬೆರೆಸಬೇಡಿ. ಎರಡೂ ಸೇರಿದರೆ ಉಸಿರಾಟವೇ ಕುಗ್ಗುತ್ತದೆ.

ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಬಿಡುವ ಮುನ್ನ ಒಂದು ವಾರ, ಪ್ರತಿ ಬಾರಿ ಕುಡಿಯುವ ಮುನ್ನ ಏನಾಗುತ್ತಿತ್ತು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಡಿ: ಯಾವುದೋ ವಾಸನೆಯೇ, ಯಾರದೋ ಸ್ಪರ್ಶವೇ, ಕತ್ತಲಾದೊಡನೆ ಏರುವ ಭಯವೇ? ಎಷ್ಟು ಕುಡಿದಿರಿ ಎಂಬುದಕ್ಕಿಂತ ಏತಕ್ಕಾಗಿ ಕುಡಿದಿರಿ ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಮದ್ಯ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡದೆ ಹೋದರೆ ನಿರ್ಧಾರ ಬಹಳ ದಿನ ನಿಲ್ಲುವುದಿಲ್ಲ.

ಹೀಗೆ ಬರೆದಿಟ್ಟ ಹಲವರ ಸಾಲುಗಳಲ್ಲಿ ಪದೇ ಪದೇ ಕಾಣುವುದು ನಿದ್ದೆಯ ಮಾತು. ಮದ್ಯ ಬೇಗ ನಿದ್ದೆ ಬರಿಸುವುದು ನಿಜ, ಆದರೆ ಅದು ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮುತ್ತದೆ. ಅದರ ಪ್ರಭಾವ ಇಳಿದಂತೆ ಅದುಮಿಟ್ಟದ್ದು ಬೆಳಗಿನ ಜಾವದಲ್ಲಿ ಇಮ್ಮಡಿಯಾಗಿ ಮರಳುತ್ತದೆ, ಎಚ್ಚರವಾಗಿಬಿಡುತ್ತದೆ, ದುಃಸ್ವಪ್ನಗಳು ಇನ್ನಷ್ಟು ತೀವ್ರವಾಗಬಹುದು. ಮರುದಿನದ ಕಳವಳಕ್ಕೂ ಇಂಥದೇ ಕಾರಣವಿದೆ: ಮದ್ಯ ತಗ್ಗಿಸಿದ ನರಗಳ ಉದ್ರೇಕ ಅದು ಇಳಿದಾಗ ಮೊದಲಿಗಿಂತ ಮೇಲೇರುತ್ತದೆ. ಭಯವನ್ನು ಕಳೆಯಲು ಕುಡಿದದ್ದೇ ಮರುದಿನದ ಭಯಕ್ಕೆ ಕಾರಣವಾಗುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ನಿದ್ದೆ ಕೆಡುವುದು ಸಹಜವೆಂದು ಮುಂಚೆಯೇ ತಿಳಿದಿದ್ದರೆ ಧೈರ್ಯಗುಂದುವುದಿಲ್ಲ.

ಕುಡಿಯಬೇಕೆಂಬ ತುಡಿತ ಏರಿ, ಉತ್ತುಂಗ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ತಣ್ಣೀರಿನಲ್ಲಿ ಕೈ ಇಡಿ, ಪಾದಗಳನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಗಟ್ಟಿಯಾಗಿ ಹೆಸರಿಸಿ, ನಂಬಿಕೆಯ ಒಬ್ಬರಿಗೆ ಕರೆಮಾಡಿ. ಕಣ್ಣು ಮುಚ್ಚಿ ಮಾಡುವ ಧ್ಯಾನ ಕೆಲವರಿಗೆ ನೆನಪನ್ನೇ ಕೆದಕುತ್ತದೆ. ಹಾಗಾದರೆ ಕಣ್ಣು ತೆರೆದೇ ಇರಲಿ.

ಮೊದಲು ಕುಡಿತ ಬಿಡಿ, ಆಮೇಲೆ ಆಘಾತದ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಅದನ್ನೇ ಕೊನೆಯ ಮಾತೆಂದು ಒಪ್ಪಬೇಕಿಲ್ಲ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನೀಡಬಹುದು, ಅದೇ ಹೆಚ್ಚು ಸೂಕ್ತವೆಂದು ನನ್ನ ನಂಬಿಕೆ. ಆಘಾತಕ್ಕೆಂದೇ ರೂಪುಗೊಂಡ ಮಾತಿನ ಚಿಕಿತ್ಸೆಗಳಿವೆ. ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳಿವೆ. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ವೈದ್ಯರೆದುರು ಘಟನೆಯ ವಿವರ ಹೇಳಲೇಬೇಕಿಲ್ಲ. “ನನ್ನ ಮೇಲೆ ದೌರ್ಜನ್ಯ ನಡೆದಿದೆ, ಅದನ್ನು ಸಹಿಸಲು ಕುಡಿಯುತ್ತಿದ್ದೇನೆ” ಎಂಬಷ್ಟು ಸಾಕು. ಬಾಯಿಬಿಟ್ಟು ಹೇಳಲಾಗದಿದ್ದರೆ ಅದನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.